ಅತಿಭಾರಾರೋಪಣ: ದಾದಿಯ ಪಾದ ಮತ್ತು ನಮ್ಮ ಅಹಿಂಸೆ

ನಮ್ಮ ಸಮಾಜದ ಧರ್ಮಾರ್ಥ ಸಂಸ್ಥೆಯೊಂದು ನಡೆಸುತ್ತಿರುವ ಆಸ್ಪತ್ರೆಯಲ್ಲಿ ನನ್ನ ಅಕ್ಕನವರನ್ನು ಕೆಲವು ದಿನ ಇರಿಸಬೇಕಾಯಿತು. ಆಸ್ಪತ್ರೆಯ ಹೆಸರು ಇಲ್ಲಿ ಬೇಕಿಲ್ಲ. ಅಂಥವು ಹಲವು ಊರುಗಳಲ್ಲಿವೆ. ಪ್ರವೇಶದ್ವಾರದಲ್ಲೇ ಒಂದು ಫಲಕ: ಸಿಬ್ಬಂದಿಯವರು ಚರ್ಮದ ಪಾದರಕ್ಷೆ, ಚರ್ಮದ ಪಟ್ಟಿ ಧರಿಸಿ ಕರ್ತವ್ಯಕ್ಕೆ ಬರಕೂಡದು. ಅದನ್ನು ಓದಿ ನನ್ನ ಮನಸ್ಸು ಸಂತೋಷಪಟ್ಟಿತು. ಲೋಕವೆಲ್ಲ ಮರೆತ ಒಂದು ಮಾತನ್ನು ನಮ್ಮವರು ಗೋಡೆಯ ಮೇಲೆ ಬರೆದಿಟ್ಟಿದ್ದಾರಲ್ಲ ಎಂಬ ಹೆಮ್ಮೆ ಅದು.

ಮೂರನೆಯ ರಾತ್ರಿ ಆ ಹೆಮ್ಮೆ ಇಳಿಯಿತು. ಬೆಳಗಿನ ಜಾವ ಮೂರೂವರೆಯ ಹೊತ್ತಿಗೆ ವಾರ್ಡಿನ ದಾದಿ, ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳು, ಅಕ್ಕನವರ ಸಲೈನ್ ಬದಲಿಸಿ ಹಿಂದಿರುಗುವಾಗ ಗೋಡೆಗೆ ಕೈಯಾನಿಸಿ ನಿಂತಳು. ಒಂದು ಕಾಲಿನ ಬೂಟು ಕಳಚಿದಳು. ತೆಳ್ಳಗಿನ ಅಟ್ಟೆಯ, ಬಿಳಿಯ ರೆಕ್ಸಿನ್ ಬೂಟು. ಅದರ ಹಿಮ್ಮಡಿಯ ಭಾಗದಲ್ಲಿ ಗಾಯಕ್ಕಿಡುವ ಹತ್ತಿಯನ್ನು ಮಡಿಸಿ ತುರುಕಲಾಗಿತ್ತು. “ಕಾಲು ನೋಯಾಕ ಹತ್ತ್ಯಾವೇನವ್ವಾ?” ಎಂದು ಕೇಳಿದೆ. ಸಂಕೋಚದಿಂದ ನಕ್ಕು ಆಕೆ ಹೇಳಿದ ಮಾತು ಇದು: “ತೊಗಲಿಂದು ಹಾಕ್ಕೋಬ್ಯಾಡ್ರಿ ಅಂದಾರ್ರೀ. ಮತ್ತೇನ್ ಹಾಕ್ಕೋಬೇಕು ಅಂತ ಯಾರೂ ಹೇಳಿಲ್ರೀ.”

ಈ ಲೇಖನ ಆ ಎರಡು ವಾಕ್ಯಗಳ ಮೇಲಿನ ಭಾಷ್ಯವಷ್ಟೆ. ಯಾವುದನ್ನು ಧರಿಸಬಾರದೆಂದು ನಾವು ಹೇಳಿದ್ದೇವೆ. ಯಾವುದನ್ನು ಧರಿಸಬೇಕೆಂದು ಹೇಳಿಲ್ಲ, ಕೊಟ್ಟೂ ಇಲ್ಲ. ಪಶುವಿನ ತೊಗಲಿನ ಬಗೆಗೆ ನಮಗಿರುವ ಕರುಣೆ ಮನುಷ್ಯಳ ಅಂಗಾಲಿನವರೆಗೆ ಇಳಿದು ಬಂದಿಲ್ಲ. ಹೀಗೆ ಅರ್ಧಕ್ಕೆ ನಿಂತ ಅಹಿಂಸೆಯನ್ನು ಪೂರ್ಣ ವ್ರತವೆಂದು ಫಲಕ ಹಾಕಿ ಮೆರೆಸುವುದು ಆತ್ಮವಂಚನೆಯೆಂದು ನನ್ನ ಸ್ಪಷ್ಟ ಅಭಿಪ್ರಾಯ.

ಶಾಸ್ತ್ರದ ಮಾತಿನಿಂದಲೇ ಆರಂಭಿಸೋಣ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಘಾತವನ್ನು ಮಾತ್ರ ಹೇಳದೆ ಅದರ ಮೂಲದಲ್ಲಿರುವ ಪ್ರಮಾದವನ್ನೂ ಹೇಳಿದ್ದಾರೆ. ಪ್ರಮಾದವೆಂದರೆ ಎಚ್ಚರಗೇಡಿತನ, ಉದಾಸೀನ. ಅದೇ ಗ್ರಂಥದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಲಾಗಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಅತಿಭಾರಾರೋಪಣಕ್ಕೆ ಸ್ಥಾನವಿದೆ. ಹೊರಲಾರದಷ್ಟು ಹೊರೆಯನ್ನು ಹೇರುವುದು ಎಂದು ಅದರ ಅರ್ಥ. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಇದನ್ನು ಕಲಿಸುವಾಗ ಏರುಹಾದಿಯಲ್ಲಿ ಮುಗ್ಗರಿಸುವ ಗಾಡಿಯ ಎತ್ತನ್ನು ನಮಗೆ ಉದಾಹರಣೆಯಾಗಿ ಹೇಳುತ್ತಿದ್ದರು. ಆ ಎತ್ತು ಇಂದು ನಮ್ಮ ಮನೆಗಳಲ್ಲಿಲ್ಲ. ಆದರೆ ನಮ್ಮ ಅಧೀನದಲ್ಲಿ ದುಡಿಯುವ ಮನುಷ್ಯರಿದ್ದಾರೆ. ಹೊರೆಯೆಂಬುದು ಬೆನ್ನಿನ ಮೇಲಿನ ಮೂಟೆಯೇ ಆಗಬೇಕಿಲ್ಲ. ಎಂಟು ಗಂಟೆ, ರಾತ್ರಿ ಪಾಳಿಯಲ್ಲಿ ಹಲವೆಡೆ ಹನ್ನೆರಡು ಗಂಟೆ, ಕಲ್ಲಿನಂಥ ನೆಲದ ಮೇಲೆ ತನ್ನ ದೇಹವನ್ನೇ ಹೊತ್ತು ನಿಲ್ಲುವುದು ಕಡಿಮೆ ಹೊರೆಯೇ?

ಆ ಹೊರೆ ಎಂಥದೆಂಬುದನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯ. ಏಕೆಂದರೆ ಕುರ್ಚಿಯಲ್ಲಿ ಕುಳಿತು ಸಭೆ ನಡೆಸುವ ನಮಗೆ ಅದರ ಅನುಭವವಿಲ್ಲ. ಮನುಷ್ಯನ ಒಂದೊಂದು ಪಾದದಲ್ಲಿ ೨೬ ಮೂಳೆಗಳೂ ೩೩ ಕೀಲುಗಳೂ ಇವೆ. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಬಿಲ್ಲಿನ ಹೆದೆಯಂತೆ ಒಂದು ಗಟ್ಟಿ ಪಟ್ಟಿ ಬಿಗಿದಿರುತ್ತದೆ; ಅಂಗಾಲಿನ ಕಮಾನು ನಿಂತಿರುವುದು ಅದರ ಬಲದಿಂದ. ಗ್ರಾನೈಟ್ ಅಥವಾ ಟೈಲ್ಸ್ ಹಾಸಿದ ಆಸ್ಪತ್ರೆಯ ನೆಲ ಹೊಲದ ಮಣ್ಣಿನಂತೆ ಹೆಜ್ಜೆಯ ಪೆಟ್ಟನ್ನು ತಾನು ನುಂಗುವುದಿಲ್ಲ; ಪಾದಕ್ಕೇ ಹಿಂದಿರುಗಿಸುತ್ತದೆ. ದಿನವೂ ಹೀಗೆ ಎಳೆದಾಡಿದ ಆ ಪಟ್ಟಿ ಹಿಮ್ಮಡಿಯ ಬಳಿ ಹದಗೆಡುತ್ತದೆ. ಮುಂಜಾನೆ ಹಾಸಿಗೆಯಿಂದಿಳಿದು ಊರುವ ಮೊದಲ ಹೆಜ್ಜೆಗೇ ಮುಳ್ಳು ಚುಚ್ಚಿದಂತಾಗುವ ನೋವು ಇದರದೇ.

ನಡೆಯುವುದಕ್ಕಿಂತಲೂ ಒಂದೇ ಕಡೆ ನಿಲ್ಲುವುದು ಹಲವು ವೇಳೆ ಹೆಚ್ಚು ಕಷ್ಟದ್ದು. ನಡೆಯುವಾಗ ಮೀನಖಂಡದ ಸ್ನಾಯುಗಳು ಕಾಲಿನ ರಕ್ತವನ್ನು ಒತ್ತಿ ಒತ್ತಿ ಮೇಲಕ್ಕೆ ಕಳುಹಿಸುತ್ತವೆ. ನಿಂತಾಗ ಆ ಒತ್ತು ತಗ್ಗಿ ರಕ್ತ ಕೆಳಗೇ ತಂಗುತ್ತದೆ. ಸಂಜೆಯ ವೇಳೆಗೆ ಪಾದ ಊದಿಕೊಳ್ಳುತ್ತದೆ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಗಂಟೆಗಟ್ಟಲೆ ಅಲುಗದೆ ನಿಲ್ಲುವವರಲ್ಲಿ ವರ್ಷಗಳು ಕಳೆದಂತೆ ಕಾಲಿನ ರಕ್ತನಾಳಗಳು ಹುರಿಗಟ್ಟಿ ಉಬ್ಬುವ ಸಂಭವ ಹೆಚ್ಚು. ಇಂಥ ಪಾದಕ್ಕೆ ಮೊನೆ ಕಿರಿದಾದ, ಅಟ್ಟೆ ಕಾಗದದಂತಿರುವ, ಗಾಳಿಯಾಡದ ರೆಕ್ಸಿನ್ ಬೂಟನ್ನು ತೊಡಿಸಿದರೆ ಬೆರಳುಗಳು ಒಂದರ ಮೇಲೊಂದೇರುತ್ತವೆ, ಆಣಿ ಏಳುತ್ತದೆ, ಬೆವರಿನಿಂದ ಬೆರಳ ಸಂದುಗಳು ಹುಣ್ಣಾಗುತ್ತವೆ. ಪಾದದ ನೋವನ್ನು ತಪ್ಪಿಸಲು ನಡಿಗೆ ವಕ್ರವಾಗಿ ಮೊಣಕಾಲು, ಸೊಂಟಗಳಿಗೂ ನೋವು ಹಬ್ಬುತ್ತದೆ. ರೋಗಿಯನ್ನು ಎತ್ತಿ ಮಗ್ಗುಲು ಹೊರಳಿಸಬೇಕಾದವಳ ಸೊಂಟ ಅದು ಎಂಬುದನ್ನು ನೆನಪಿಡಬೇಕು.

ಇಲ್ಲಿ ಒಬ್ಬರು ಎದ್ದು ನಿಂತು, “ಹಾಗಾದರೆ ಚರ್ಮದ ಬೂಟಿಗೇ ಅನುಮತಿ ಕೊಡಿ ಎನ್ನುತ್ತೀರಾ?” ಎಂದು ಕೇಳಿಯಾರು. ಖಂಡಿತ ಇಲ್ಲ. ಆ ಫಲಕ ಅಲ್ಲಿಯೇ ಇರಲಿ. ಪಂಚೇಂದ್ರಿಯ ಜೀವಿಯೊಂದರ ಮೈಯನ್ನು ಸುಲಿದದ್ದನ್ನು ಕಾಲಿಗೆ ಮೆಟ್ಟುವ ಅಗತ್ಯ ಶ್ರಾವಕನಿಗೆ ಇಲ್ಲ. ಹದ ಮಾಡುವ ಕಾರ್ಯದಲ್ಲಿ ಜಲಕಾಯ ಜೀವಿಗಳಿಗೂ ನದಿಯನ್ನೇ ನಂಬಿದ ರೈತರಿಗೂ ಆಗುವ ಹಾನಿ ಬೇರೆ. ತಮಿಳುನಾಡಿನ ಚರ್ಮ ಹದಗಾರಿಕೆಯ ತ್ಯಾಜ್ಯ ಪಾಲಾರ್ ನದಿಯನ್ನೂ ಸುತ್ತಣ ಭೂಮಿಯನ್ನೂ ಕೆಡಿಸಿದ ಸಂಗತಿ ಸುಪ್ರೀಂ ಕೋರ್ಟಿನವರೆಗೆ ಹೋಗಿ, ವೆಲ್ಲೂರು ನಾಗರಿಕರ ವೇದಿಕೆಯ ಮೊಕದ್ದಮೆಯಲ್ಲಿ ೧೯೯೬ರಲ್ಲಿ ತೀರ್ಪಾಯಿತು. ಕೆಡಿಸಿದವನೇ ಹಾನಿ ತುಂಬಿಕೊಡಬೇಕೆಂಬ ತತ್ತ್ವವನ್ನು ನ್ಯಾಯಾಲಯ ಅದರಲ್ಲಿ ಎತ್ತಿಹಿಡಿಯಿತು. ಗಂಗೆಯ ದಂಡೆಯ ಹದಗಾರಿಕೆಗಳ ಬಗ್ಗೆ ಅದಕ್ಕೂ ಮೊದಲೇ, ೧೯೮೭ರಲ್ಲಿ, ಅದೇ ನ್ಯಾಯಾಲಯ ಕಟ್ಟುನಿಟ್ಟಿನ ಆದೇಶ ನೀಡಿತ್ತು. ಆದುದರಿಂದ ನಮ್ಮ ನಿಷೇಧಕ್ಕೆ ಧರ್ಮದ ಬೆಂಬಲವಿರುವಂತೆ ಲೋಕವಿವೇಕದ ಬೆಂಬಲವೂ ಇದೆ.

ಆದರೆ ಚರ್ಮವಿಲ್ಲದೆ ಪಾದಕ್ಕೆ ಸುಖವಿಲ್ಲವೆಂಬುದು ಕೇವಲ ಭ್ರಮೆ. ಚರ್ಮಕ್ಕೆ ಎರಡು ಗುಣಗಳಿದ್ದವು: ಸ್ವಲ್ಪ ಗಾಳಿಯಾಡುವುದು, ಪಾದದ ಆಕಾರಕ್ಕೆ ಕ್ರಮೇಣ ಒಗ್ಗುವುದು. ಈ ಎರಡನ್ನೂ ಬಹುಮಟ್ಟಿಗೆ ಒದಗಿಸುವ ಕೃತಕ ವಸ್ತುಗಳು ಈಗ ಇವೆ. ನವಿರಾದ ಕೃತಕ ನೂಲಿನಿಂದ ಮಾಡಿದ ಮೈಕ್ರೋಫೈಬರ್ ನೋಡಲು ಚರ್ಮದಂತಿದ್ದು, ಒರೆಸಿ ಶುಚಿಗೊಳಿಸಬಹುದಾದದ್ದು. ಹಗುರವಾದ ನೊರೆಯಂಥ ಅಟ್ಟೆಗಳು ಹೆಜ್ಜೆಯ ಪೆಟ್ಟನ್ನು ನುಂಗುತ್ತವೆ. ರಬ್ಬರಿನ ತಳ ಜಾರುವುದನ್ನು ತಡೆಯುತ್ತದೆ. ಪಾದದ ಸುಖ ಹೆಚ್ಚಾಗಿ ನಿಂತಿರುವುದು ಮೇಲ್ಹೊದಿಕೆಯ ಜಾತಿಯ ಮೇಲಲ್ಲ. ಬೂಟಿನ ಆಕಾರ, ಅಟ್ಟೆಯ ಗುಣ ಮತ್ತು ಸರಿಯಾದ ಅಳತೆಯ ಮೇಲೆ. ಅಗ್ಗದ ರೆಕ್ಸಿನ್ ನೋಯಿಸುವುದು ಅದು ಚರ್ಮವಲ್ಲವೆಂಬ ಕಾರಣಕ್ಕಲ್ಲ. ಅಗ್ಗವಾಗಿರಲೆಂದೇ ಅದನ್ನು ಹಾಗೆ ಮಾಡಿರುತ್ತಾರೆ.

ಈಗ ಆಯ್ಕೆಯ ಮಾತು. ಧರ್ಮದರ್ಶಿಗಳು ಸಗಟಾಗಿ ಕೊಳ್ಳುವಾಗಲೂ, ಮಗಳನ್ನೋ ಸೊಸೆಯನ್ನೋ ಆಸ್ಪತ್ರೆಯ ಕೆಲಸಕ್ಕೆ ಕಳುಹಿಸುವ ಕುಟುಂಬದವರು ಕೊಳ್ಳುವಾಗಲೂ ಗಮನಿಸಬೇಕಾದ ಅಂಶಗಳು ಒಂದೇ.

ಮೊದಲನೆಯದು ಅಳತೆ. ಬೂಟನ್ನು ಸಂಜೆಯಲ್ಲಿ, ಪಾಳಿ ಮುಗಿದ ಮೇಲೆ, ಊದಿದ ಪಾದಕ್ಕೆ ತೊಟ್ಟು ನೋಡಬೇಕು. ಕೆಲಸದ ವೇಳೆ ಧರಿಸುವ ಕಾಲುಚೀಲವನ್ನೇ ಹಾಕಿಕೊಂಡು ನೋಡಬೇಕು. ಬಹಳ ಜನರಲ್ಲಿ ಒಂದು ಪಾದ ಇನ್ನೊಂದಕ್ಕಿಂತ ಕೊಂಚ ದೊಡ್ಡದು, ಅಳತೆ ದೊಡ್ಡದರದಾಗಿರಲಿ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನಗಲದಷ್ಟು ಎಡೆಯಿರಬೇಕು, ಬೆರಳುಗಳು ಒಳಗೆ ಹರಡಿಕೊಳ್ಳುವಂತಿರಬೇಕು. “ಹಾಕುತ್ತ ಹಾಕುತ್ತ ಸಡಿಲವಾಗುತ್ತದೆ” ಎಂಬ ಅಂಗಡಿಯವನ ಮಾತನ್ನು ನಂಬಬಾರದು. ಇಪ್ಪತ್ತು ಜನರಿಗೆ ಒಂದೇ ಅಳತೆಯ ಪಟ್ಟಿ ಬರೆದು ಕಳುಹಿಸುವ ಕಚೇರಿ ಪದ್ಧತಿ ಇಲ್ಲಿ ಸಲ್ಲದು. ಒಬ್ಬೊಬ್ಬರ ಪಾದವನ್ನೂ ಅಳೆಯಿಸಬೇಕು.

ಎರಡನೆಯದು ರಚನೆ. ಬೂಟನ್ನು ಎರಡು ಕೈಗಳಲ್ಲಿ ಹಿಡಿದು ಬಾಗಿಸಿದರೆ ಅದು ಬೆರಳುಗಳ ಬುಡದಲ್ಲಿ ಬಾಗಬೇಕು. ನಡುವಿನಲ್ಲಿ ಮಡಚಿಕೊಂಡರೆ ಕಮಾನಿಗೆ ಆಧಾರವಿಲ್ಲವೆಂದರ್ಥ. ಹಿಮ್ಮಡಿಯನ್ನು ಹಿಡಿಯುವ ಹಿಂಭಾಗ ಹಿಸುಕಿದರೆ ಕುಸಿಯಬಾರದು. ಹಿಮ್ಮಡಿಯ ಎತ್ತರ ಅಲ್ಪವಾಗಿರಲಿ. ಪೂರ್ತಿ ಚಪ್ಪಟೆಯೂ ಬೇಡ, ಎತ್ತರದ ಹೀಲ್ಸ್ ಅಂತೂ ಬೇಡವೇ ಬೇಡ. ಅಟ್ಟೆ ಮೆತ್ತಗಿರುವುದಷ್ಟೇ ಸಾಲದು. ಅತಿ ಮೆತ್ತನೆಯದರಲ್ಲಿ ಪಾದ ಹೂತು ಓಲಾಡುತ್ತದೆ. ಮೆತ್ತನೆಯ ಪದರದ ಕೆಳಗೆ ಗಟ್ಟಿ ಆಧಾರ ಬೇಕು.

ಮೂರನೆಯದು ಆಸ್ಪತ್ರೆಗೆ ವಿಶೇಷವಾದ ರಕ್ಷಣೆ. ಕೈಜಾರಿದ ಸೂಜಿ, ಚೆಲ್ಲಿದ ರಕ್ತ, ಔಷಧಿ, ಒರೆಸಿದ ಒದ್ದೆ ನೆಲ, ಉರುಳುವ ಸಿಲಿಂಡರ್ ಇವೆಲ್ಲ ಅಲ್ಲಿನ ನಿತ್ಯದ ಅಪಾಯಗಳು. ಆದುದರಿಂದ ಮೇಲ್ಭಾಗ ಮುಚ್ಚಿರಬೇಕು. ತೂತುಗಳಿರುವ ಚಪ್ಪಲಿ, ಜಾಲರಿ ಬಟ್ಟೆಯ ಓಟದ ಬೂಟು ಎಷ್ಟೇ ಹಿತವಾಗಿದ್ದರೂ ದ್ರವವನ್ನು ಒಳಬಿಡುತ್ತವೆ. ಹಿಂಬದಿ ತೆರೆದಿರುವುದು ಅವಸರದ ನಡಿಗೆಯಲ್ಲಿ ಜಾರಿಬಿಡುತ್ತದೆ. ಹವಾಯಿ ಚಪ್ಪಲಿ ವಾರ್ಡಿಗೆ ತಕ್ಕುದಲ್ಲ. ತಳದಲ್ಲಿ ಜಾರದಂಥ ಗೀರುಗಳಿದ್ದು, ಸವೆದು ನುಣುಪಾದೊಡನೆ ಬೂಟನ್ನು ಬದಲಿಸಬೇಕು.

ನಾಲ್ಕನೆಯದು ನಮಗೆ ಮುಖ್ಯವಾದದ್ದು. ಹೊರಗೆ ಬಟ್ಟೆಯೋ ಕೃತಕ ವಸ್ತುವೋ ಕಂಡರೂ ಒಳಅಟ್ಟೆಯಲ್ಲಿ, ಅಸ್ತರಿನಲ್ಲಿ ಚರ್ಮವಿರಬಹುದು. ಅನೇಕ ಬೂಟುಗಳ ಒಳಗೆ ಮೇಲ್ಹೊದಿಕೆ, ಅಸ್ತರು, ತಳ ಈ ಮೂರು ಭಾಗಗಳಿಗೂ ಪ್ರತ್ಯೇಕವಾಗಿ ಪುಟ್ಟ ಚಿತ್ರ ಮುದ್ರಿಸಿರುತ್ತಾರೆ. ಯೂರೋಪಿನಲ್ಲಿ ೧೯೯೪ರ ನಿಯಮದಿಂದ ಬಂದ ಪದ್ಧತಿ ಇದು. ಹರಡಿದ ತೊಗಲಿನ ಆಕಾರವಿದ್ದರೆ ಚರ್ಮ. ಆ ಆಕಾರದೊಳಗೆ ವಜ್ರಾಕೃತಿಯಿದ್ದರೆ ಲೇಪ ಹಚ್ಚಿದ ಚರ್ಮ. ಹೆಣೆದ ಜಾಲದ ಚಿತ್ರ ಬಟ್ಟೆಗೆ. ಬರಿಯ ವಜ್ರಾಕೃತಿ ಇತರ ವಸ್ತುಗಳಿಗೆ. ಮೂರು ಚಿತ್ರಗಳನ್ನೂ ನೋಡಬೇಕು, ಮೇಲಿನದೊಂದನ್ನಲ್ಲ.

ಕೊನೆಯದಾಗಿ, ಒಬ್ಬರಿಗೆ ಎರಡು ಜೊತೆ ಬೇಕು. ಒಂದು ದಿನ ಧರಿಸಿದ್ದು ಮರುದಿನ ಒಣಗಲಿ, ಒತ್ತಿದ ಅಟ್ಟೆ ಮತ್ತೆ ಏಳಲಿ. ಹೊರಗಿನಿಂದ ಹೊಸತರಂತೆ ಕಂಡರೂ ಒಳಗಿನ ನೊರೆ ಕ್ರಮೇಣ ಸತ್ತುಹೋಗುತ್ತದೆ. ಹಿತವಾಗಿದ್ದ ಬೂಟು ನೋಯಿಸಲು ಆರಂಭಿಸಿದರೆ ಅದರ ಆಯುಷ್ಯ ಮುಗಿಯಿತೆಂದು ತಿಳಿಯಬೇಕು.

ಇನ್ನು ಆಕ್ಷೇಪಗಳಿಗೆ ಬರುತ್ತೇನೆ. ಇವುಗಳನ್ನು ಸಭೆಗಳಲ್ಲಿ ನಾನು ಕೇಳಿದ್ದೇನೆ.

“ನಮ್ಮ ಮುನಿಗಳು ಬರಿಗಾಲಿನಲ್ಲಿ ವಿಹಾರ ಮಾಡುವುದಿಲ್ಲವೇ? ಈ ಕಾಲದ ಹುಡುಗಿಯರಿಗೆ ಒಂದಿಷ್ಟು ನಿಲ್ಲುವುದೂ ಕಷ್ಟವೇ?” ಎನ್ನುವವರಿದ್ದಾರೆ. ಇಪ್ಪತ್ತೆರಡು ಪರೀಷಹಗಳಲ್ಲಿ ಚರ್ಯಾ ಪರೀಷಹವೂ ಒಂದೆಂಬುದು ನಿಜ. ಆದರೆ ಮುನಿ ಅದನ್ನು ತಾನಾಗಿ, ಕರ್ಮನಿರ್ಜರೆಗಾಗಿ ಸಹಿಸುತ್ತಾನೆ. ತಾನು ಸಹಿಸಿದರೆ ತಪಸ್ಸು. ಇನ್ನೊಬ್ಬರ ಮೇಲೆ ಹೇರಿದರೆ ಹಿಂಸೆ. ಈ ಭೇದವನ್ನು ಅರಿಯದವನು ಧರ್ಮದರ್ಶಿಯ ಆಸನದಲ್ಲಿ ಕುಳಿತಿರುವುದು ವಿಷಾದದ ಸಂಗತಿ. ಮುನಿಯ ತ್ಯಾಗವನ್ನು ನೌಕರಳ ಸಂಬಳದ ಉಳಿತಾಯಕ್ಕೆ ಬಳಸುವುದು ಆ ತ್ಯಾಗಕ್ಕೇ ಅಪಚಾರ.

“ದಾದಿಯರಲ್ಲಿ ಹೆಚ್ಚಿನವರು ನಮ್ಮ ಸಮಾಜದವರಲ್ಲ” ಎಂಬುದು ಎರಡನೆಯ ಮಾತು; ಗಟ್ಟಿಯಾಗಿ ಹೇಳುವುದಿಲ್ಲ, ಪಿಸುಗುಡುತ್ತಾರೆ. ಅಹಿಂಸೆಗೆ ಜಾತಿಪಟ್ಟಿಯ ಅವಶ್ಯಕತೆಯಿದೆಯೆಂದು ಯಾವ ಆಚಾರ್ಯರು ಹೇಳಿದ್ದಾರೆ? ಎಮ್ಮೆಯ ತೊಗಲಿಗೆ ಮರುಗುವಾಗ ಅದರ ಕುಲ ಕೇಳದವರು ಮನುಷ್ಯಳಿಗೆ ಮರುಗುವಾಗ ಕೇಳುವುದೇಕೆ? ಮೇಲಾಗಿ, ನಮ್ಮ ವ್ರತವನ್ನು ಅವರ ಕಾಲಿಗೆ ನಾವೇ ತೊಡಿಸಿದ್ದೇವೆ. ಆ ವ್ರತದ ವೆಚ್ಚ ಅವರದಾಗಕೂಡದು.

ಮೂರನೆಯದು ವೆಚ್ಚದ ಪ್ರಶ್ನೆ. ಲೆಕ್ಕವನ್ನೇ ಹಾಕೋಣ. ಒಂದು ಜೊತೆಗೆ ೨,೦೦೦ ರೂಪಾಯಿ ಎಂದು ಹಿಡಿಯಿರಿ. ಐವತ್ತು ಮಂದಿ ದಾದಿಯರಿಗೆ ವರ್ಷಕ್ಕೆ ಎರಡೆರಡು ಜೊತೆ ಕೊಟ್ಟರೆ ೨,೦೦,೦೦೦ ರೂಪಾಯಿ. ಒಂದು ಮಹೋತ್ಸವದಲ್ಲಿ ಸ್ವಾಗತ ಕಮಾನು, ಚಪ್ಪರ, ದಾನಿಗಳ ಭಾವಚಿತ್ರದ ಬ್ಯಾನರುಗಳಿಗೆ ನಾವು ಎಷ್ಟು ಸುರಿಯುತ್ತೇವೆಂಬುದನ್ನು ಓದುಗರು ತಮ್ಮ ಊರಿನ ಲೆಕ್ಕಪತ್ರದಲ್ಲಿಯೇ ನೋಡಿಕೊಳ್ಳಲಿ. ಖಾಸಗಿ ಆಸ್ಪತ್ರೆಗಳ ದಾದಿಯರ ವೇತನದ ಬಗ್ಗೆ ೨೦೧೬ರಲ್ಲಿ ಸುಪ್ರೀಂ ಕೋರ್ಟಿನ ಸೂಚನೆಯಂತೆ ರಚಿತವಾದ ಸಮಿತಿಯು, ಐವತ್ತಕ್ಕಿಂತ ಕಡಿಮೆ ಹಾಸಿಗೆಗಳ ಆಸ್ಪತ್ರೆಯಲ್ಲಿಯೂ ತಿಂಗಳಿಗೆ ೨೦,೦೦೦ ರೂಪಾಯಿಗಿಂತ ಕಡಿಮೆಯಿರಬಾರದೆಂದು ಶಿಫಾರಸು ಮಾಡಿತು. ಅಷ್ಟು ಸಂಬಳ ಬಂದರೂ ಒಳ್ಳೆಯ ಎರಡು ಜೊತೆ ಬೂಟು ತಿಂಗಳ ಐದನೆಯ ಒಂದು ಪಾಲನ್ನು ನುಂಗುತ್ತವೆ. ಅಷ್ಟೂ ಬಾರದವಳು ರೆಕ್ಸಿನ್ನಿನೊಳಗೆ ಹತ್ತಿ ತುರುಕಿಕೊಳ್ಳದೆ ಮತ್ತೇನು ಮಾಡಿಯಾಳು?

ನಾಲ್ಕನೆಯವರು ಹೇಳುವುದು: “ಪಾದರಕ್ಷೆ ಬಸದಿಯ ಹೊರಗೆ ಬಿಡುವ ವಸ್ತು. ಧರ್ಮಪತ್ರಿಕೆಯಲ್ಲಿ ಅದರ ಚರ್ಚೆಯೇ?” ಇವರಿಗೆ ಸಮಂತಭದ್ರರನ್ನೇ ಮತ್ತೆ ನೆನಪಿಸಬೇಕಾಗಿದೆ. ಅವರು ವೈಯಾವೃತ್ಯವನ್ನು ಶ್ರಾವಕನ ಶಿಕ್ಷಾವ್ರತಗಳಲ್ಲಿ ಒಂದಾಗಿ ಎಣಿಸಿ, ಸಂಯಮಿಗಳ ಪಾದಗಳನ್ನು ಒತ್ತುವುದನ್ನೂ ಆ ಸೇವೆಯಲ್ಲಿ ಸೇರಿಸಿದ್ದಾರೆ. ದಣಿದ ಪಾದದ ನೋವನ್ನು ಆಚಾರ್ಯರು ಕ್ಷುಲ್ಲಕವೆಂದು ಬಗೆಯಲಿಲ್ಲ. ದಾದಿ ಸಂಯಮಿಯಲ್ಲ, ಒಪ್ಪಿದೆ. ಆದರೆ ನಮ್ಮ ಪರವಾಗಿ ರೋಗಿಯ ಮಲಮೂತ್ರ ಬಳಿದು, ಹುಣ್ಣು ತೊಳೆದು ಆರೈಕೆ ಮಾಡುತ್ತಿರುವವಳು ಅವಳು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂಬ ನಾಲ್ಕು ದಾನಗಳಲ್ಲಿ ಭೈಷಜ್ಯದಾನದ ಪುಣ್ಯಕ್ಕಾಗಿ ನಾವು ಆಸ್ಪತ್ರೆ ಕಟ್ಟುತ್ತೇವೆ. ಗೋಡೆಯ ಮೇಲೆ ಹೆಸರು ಕೆತ್ತಿಸುತ್ತೇವೆ. ಆ ದಾನವನ್ನು ರೋಗಿಯ ಬಾಯಿಗೆ ಮುಟ್ಟಿಸುವ ಕೈ ಅವಳದು, ನಡೆದು ಹೋಗುವ ಕಾಲು ಅವಳದು.

ಬೂಟೊಂದನ್ನು ಕೊಟ್ಟೊಡನೆ ನಮ್ಮ ಹೊಣೆ ತೀರಿತೆಂದೂ ಭಾವಿಸಬಾರದು. ಎಷ್ಟೇ ಒಳ್ಳೆಯ ಬೂಟಾದರೂ ಹನ್ನೆರಡು ಗಂಟೆಯ ನಿಲುವನ್ನು ಹಗುರಗೊಳಿಸೀತೇ ಹೊರತು ಇಲ್ಲವಾಗಿಸದು. ೧೯೪೮ರ ಕಾರ್ಖಾನೆಗಳ ಅಧಿನಿಯಮವು ನಿಂತು ದುಡಿಯುವ ಕಾರ್ಮಿಕರಿಗೆ, ಅವಕಾಶ ಸಿಕ್ಕಾಗ ಕುಳಿತುಕೊಳ್ಳಲು ಆಸನವಿರಬೇಕೆಂದು ವಿಧಿಸಿತು. ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಲ್ಲುತ್ತಿದ್ದ ಹೆಣ್ಣುಮಕ್ಕಳ ಹೋರಾಟದಿಂದ ಕೇರಳ ೨೦೧೮ರಲ್ಲಿಯೂ, ಅದರ ಬಳಿಕ ತಮಿಳುನಾಡು ೨೦೨೧ರಲ್ಲಿಯೂ ಅಂಗಡಿ ಕಾಯಿದೆಗಳನ್ನು ತಿದ್ದಿ ಕುಳಿತುಕೊಳ್ಳುವ ಹಕ್ಕನ್ನು ಬರೆದವು. ಸೀರೆ ಮಾರುವವಳಿಗೆ ಕಾಯಿದೆ ಕೊಟ್ಟ ಆಸನವನ್ನು ಪ್ರಾಣ ಕಾಯುವವಳಿಗೆ ಧರ್ಮ ಕೊಡಲಾರದೇ? ಕಾಯಿದೆಯ ಬಲವಂತಕ್ಕೆ ಕಾಯುವುದು ವ್ಯಾಪಾರಿಯ ಲಕ್ಷಣ. ಅದಕ್ಕೂ ಮೊದಲೇ ಎಚ್ಚೆತ್ತುಕೊಳ್ಳುವುದು ಅಪ್ರಮತ್ತನ ಲಕ್ಷಣ.

ಆದುದರಿಂದ ಆಸ್ಪತ್ರೆ ನಡೆಸುವ ಪ್ರತಿಯೊಂದು ಟ್ರಸ್ಟಿನ ಮುಂದೆ ನಾನಿಡುವ ಬೇಡಿಕೆ ಇಷ್ಟು: ಚರ್ಮದ ನಿಷೇಧದ ಫಲಕವಿರುವಲ್ಲೆಲ್ಲ ಸಂಸ್ಥೆಯ ಖರ್ಚಿನಲ್ಲಿ, ಅಳತೆಗೆ ತಕ್ಕ, ಚರ್ಮರಹಿತವಾದ ಎರಡು ಜೊತೆ ಬೂಟುಗಳು ಪ್ರತಿವರ್ಷ ದೊರೆಯಲಿ, ದಾದಿಯರಿಗೆ ಮಾತ್ರವಲ್ಲ, ಆಯಾಗಳಿಗೂ, ನೆಲ ಒರೆಸುವವರಿಗೂ, ವಾರ್ಡ್‌ಬಾಯ್‌ಗಳಿಗೂ. ಆಯ್ಕೆ ಮಾಡುವಾಗ ಧರಿಸುವವರನ್ನೇ ಕೇಳಲಿ. ಪ್ರತಿ ವಾರ್ಡಿನಲ್ಲಿಯೂ ಅವರಿಗಾಗಿ ಕುರ್ಚಿಯಿರಲಿ, ಅದರಲ್ಲಿ ಕುಳಿತವಳನ್ನು ಸೋಮಾರಿಯೆಂದು ಗದರುವ ರೂಢಿ ನಿಲ್ಲಲಿ. ಇದನ್ನು ಮಾಡಲೊಲ್ಲದ ಟ್ರಸ್ಟು ತನ್ನ ಫಲಕವನ್ನು ಇಳಿಸಲಿ. ಚರ್ಮ ತೊಡಲೆಂದಲ್ಲ, ಅರ್ಧಸತ್ಯವನ್ನು ಗೋಡೆಯ ಮೇಲಿಂದ ತೆಗೆಯಲೆಂದು.

ಶ್ರವಣಬೆಳಗೊಳದ ದೊಡ್ಡಬೆಟ್ಟವನ್ನು ಬೇಸಿಗೆಯ ಬಿಸಿಲಲ್ಲಿ ಹತ್ತುವಾಗ ನಾವು ಏನು ಮಾಡುತ್ತೇವೆ? ಕಾದ ಬಂಡೆಗೆ ಅಂಗಾಲು ಸುಟ್ಟೀತೆಂದು ಬುಡದಲ್ಲಿಯೇ ಕಾಲುಚೀಲ ಕೊಂಡು ತೊಟ್ಟುಕೊಳ್ಳುತ್ತೇವೆ. ಒಂದು ಗಂಟೆಯ ಏರಿಗೆ, ಪುಣ್ಯಕ್ಕಾಗಿ ನಾವೇ ಬಯಸಿ ಹತ್ತುವ ಏರಿಗೆ, ನಮ್ಮ ಪಾದದ ಮೇಲೆ ನಮಗಿಷ್ಟು ಕರುಣೆ. ನಮಗಾಗಿ ಇರುಳಿಡೀ ನಿಲ್ಲುವ ಪಾದದ ಮೇಲೂ ಅದೇ ಕರುಣೆ ಹುಟ್ಟಲಿ. ಅಕ್ಕನವರು ಗುಣಮುಖರಾಗಿ ಮನೆಗೆ ಬಂದರು. ಆ ಹೆಣ್ಣುಮಗಳು ಮಾತ್ರ ಇಂದಿನ ರಾತ್ರಿಯೂ ಪಾಳಿಯಲ್ಲಿರಬಹುದು.